‘ವಿಕಾಸವಾದಕ್ಕೆ ಪ್ರತಿವಾದ ಏನು ಮಿಸ್?’: ಡೋವರ್ ಮೊಕದ್ದಮೆಯ ಸಾಕ್ಷ್ಯಚಿತ್ರ ಮತ್ತು ನನ್ನ ಎರಡು ಪಾಠಗಳು

ತರಗತಿ: 10, ಕನ್ನಡ ಮಾಧ್ಯಮ
ಘಟಕ: ಅನುವಂಶೀಯತೆ ಮತ್ತು ಜೀವವಿಕಾಸ
ಅವಧಿ: 40 ನಿಮಿಷಗಳ ಎರಡು ಪೀರಿಯಡ್

ಇಂಟರ್ನ್‌ಶಿಪ್‌ನ ಐದನೆಯ ವಾರ. ಕರಿಹಲಗೆಯ ಮೇಲೆ ‘ಡಾರ್ವಿನ್ನನ ವಿಕಾಸವಾದ’ ಎಂದು ಬರೆದು ಅಡಿಗೆರೆ ಎಳೆದಿದ್ದೆ. ಹಿಂದಿನ ಬೆಂಚಿನಲ್ಲಿ ಮಾರ್ಗದರ್ಶಕ ಶಿಕ್ಷಕರೂ ನನ್ನ ಸಹಪಾಠಿಯೊಬ್ಬಳೂ ವೀಕ್ಷಣಾ ನಮೂನೆ ಹಿಡಿದು ಕುಳಿತಿದ್ದರು. ಮೂರನೆಯ ಸಾಲಿನ ಹುಡುಗನೊಬ್ಬ ಕೈ ಎತ್ತಿದ.

“ಮಿಸ್, ಕೋರ್ಟಲ್ಲಿ ವಾದ ಇದ್ರೆ ಪ್ರತಿವಾದ ಇರುತ್ತಲ್ಲ. ವಿಕಾಸವಾದಕ್ಕೆ ಪ್ರತಿವಾದ ಏನು ಮಿಸ್? ಅದನ್ನ ಯಾಕೆ ಪುಸ್ತಕದಲ್ಲಿ ಕೊಟ್ಟಿಲ್ಲ?”

ತರಗತಿ ನಕ್ಕಿತು. ಅವನು ತಮಾಷೆಗೆ ಕೇಳಿರಲಿಲ್ಲ. ಅವನ ಪಕ್ಕದವನು “ದೇವರು ಮಾಡಿದ ಅನ್ನೋದೇ ಪ್ರತಿವಾದ ಕಣೋ” ಎಂದ. ಇನ್ನೊಬ್ಬ, ಮಂತ್ರಿಯೊಬ್ಬರು ಡಾರ್ವಿನ್ ಹೇಳಿದ್ದು ತಪ್ಪು ಎಂದದ್ದನ್ನು ಟಿವಿಯಲ್ಲಿ ನೋಡಿದ್ದೇನೆ ಎಂದ. ಗದ್ದಲ ಏರುತ್ತಿತ್ತು, ನನ್ನ ಪಾಠ ಯೋಜನೆಯಲ್ಲಿ ಇನ್ನೂ ಮೂರು ಬೋಧನಾಂಶ ಬಾಕಿ ಇದ್ದವು. ನಾನು ಹೇಳಿದೆ: “ನೋಡಿ, ಪರೀಕ್ಷೆಗೆ ಇದು ಬರುತ್ತೆ, ಓದಿ ಬರೆಯಿರಿ. ನಂಬೋದು ಬಿಡೋದು ನಿಮಗೂ ನಿಮ್ಮ ಮನೆಯವರಿಗೂ ಬಿಟ್ಟಿದ್ದು.”

ಮಕ್ಕಳು ಸುಮ್ಮನಾದರು. ಯಾರಿಗೂ ನೋವಾಗಲಿಲ್ಲ, ಪಾಠವೂ ಸಮಯಕ್ಕೆ ಮುಗಿಯಿತು ಎಂದು ಒಳಗೊಳಗೇ ಖುಷಿಪಟ್ಟೆ. ಸಹಪಾಠಿ ತನ್ನ ನಮೂನೆಯಲ್ಲಿ ‘ಪರಿಸ್ಥಿತಿಯನ್ನು ಜಾಣತನದಿಂದ ನಿಭಾಯಿಸಿದರು’ ಎಂದು ಬರೆದಿದ್ದಳು. ಮಾರ್ಗದರ್ಶಕರ ನಮೂನೆಯಲ್ಲಿ ಆ ಜಾಗದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಮಾತ್ರ ಇತ್ತು.

ಶನಿವಾರ ಕಾಲೇಜಿಗೆ ಬಂದಾಗ ಜೀವಶಾಸ್ತ್ರ ಬೋಧನಾ ಪದ್ಧತಿಯ ನಮ್ಮ ಮೇಡಂ ಎರಡೂ ವರದಿ ಓದಿದರು. ಬೈಯಲಿಲ್ಲ. ಒಂದು ಸಾಕ್ಷ್ಯಚಿತ್ರದ ಹೆಸರು ಬರೆದುಕೊಟ್ಟು, “ನೀನು ಹೇಳಿದ ವಾಕ್ಯ ಇದರೊಳಗಿದೆ. ಹುಡುಕಿಕೊಂಡು ಬಾ” ಎಂದರು.

ಚಿತ್ರ ಯಾವುದು

ಅದರ ಹೆಸರು ‘ಜಡ್ಜ್‌ಮೆಂಟ್ ಡೇ: ಇಂಟೆಲಿಜೆಂಟ್ ಡಿಸೈನ್ ಆನ್ ಟ್ರಯಲ್’. ಅಮೆರಿಕದ ಸಾರ್ವಜನಿಕ ಟೆಲಿವಿಷನ್ ಪಿಬಿಎಸ್‌ನ ‘ನೋವಾ’ ವಿಜ್ಞಾನ ಸರಣಿಯಲ್ಲಿ 2007ರ ನವೆಂಬರ್ 13ರಂದು ಪ್ರಸಾರವಾದ ಎರಡು ಗಂಟೆಯ ಚಿತ್ರ. ಪೆನ್ಸಿಲ್ವೇನಿಯಾ ರಾಜ್ಯದ ಡೋವರ್ ಎಂಬ ಸಣ್ಣ ಊರಿನ ಶಾಲೆಯಲ್ಲಿ ಎದ್ದ ಜಗಳ ಫೆಡರಲ್ ನ್ಯಾಯಾಲಯದ ಮೆಟ್ಟಿಲೇರಿದ ಕಥೆ ಅದು. ಆ ನ್ಯಾಯಾಲಯದೊಳಗೆ ಕ್ಯಾಮೆರಾಕ್ಕೆ ಪ್ರವೇಶವಿಲ್ಲ. ಹಾಗಾಗಿ ವಿಚಾರಣೆಯ ಲಿಖಿತ ದಾಖಲೆಯ ಮಾತುಗಳನ್ನೇ ನಟರಿಂದ ಆಡಿಸಿದ್ದಾರೆ. ನಡುನಡುವೆ ನಿಜವಾದ ಶಿಕ್ಷಕರು, ಪೋಷಕರು, ವಕೀಲರು, ಮಂಡಳಿ ಸದಸ್ಯರು ಬಂದು ಮಾತನಾಡುತ್ತಾರೆ.

ಅಲ್ಲಿಯ ಶಾಲಾ ಮಂಡಳಿಯನ್ನು ನಮ್ಮ ಎಸ್‌ಡಿಎಂಸಿಗೆ ಹೋಲಿಸಬಾರದು. ಊರಿನವರೇ ಮತ ಹಾಕಿ ಆರಿಸುವ ಒಂಬತ್ತು ಜನರ ಆ ಮಂಡಳಿ ತರಗತಿಯಲ್ಲಿ ಏನು ಕಲಿಸಬೇಕು ಎಂಬುದನ್ನೂ ತೀರ್ಮಾನಿಸಬಲ್ಲದು. 2004ರ ಅಕ್ಟೋಬರಿನಲ್ಲಿ ಡೋವರಿನ ಮಂಡಳಿ ಆರಕ್ಕೆ ಮೂರು ಮತಗಳಿಂದ ಒಂದು ನಿರ್ಣಯ ಮಾಡಿತು. ಡಾರ್ವಿನ್ನನ ಸಿದ್ಧಾಂತದಲ್ಲಿರುವ ಕೊರತೆಗಳ ಬಗ್ಗೆಯೂ ‘ಇಂಟೆಲಿಜೆಂಟ್ ಡಿಸೈನ್’ ಎಂಬ ಇನ್ನೊಂದು ವಿವರಣೆಯ ಬಗ್ಗೆಯೂ ಮಕ್ಕಳಿಗೆ ತಿಳಿಸಬೇಕು ಎಂಬುದು ಅದರ ಸಾರ. ಜೀವಿಗಳ ಕೆಲವು ರಚನೆಗಳು ತಾವಾಗಿಯೇ ವಿಕಾಸಗೊಂಡಿರಲಾರದಷ್ಟು ಜಟಿಲ, ಬುದ್ಧಿಯುಳ್ಳ ಯಾರೋ ಅವನ್ನು ವಿನ್ಯಾಸ ಮಾಡಿರಬೇಕು ಎನ್ನುವುದು ಈ ವಾದ. ಆ ‘ಯಾರೋ’ ಯಾರು ಎಂದು ಮಾತ್ರ ಹೇಳುವುದಿಲ್ಲ. ಇದನ್ನು ಹೇಳುವ ‘ಆಫ್ ಪಾಂಡಾಸ್ ಅಂಡ್ ಪೀಪಲ್’ ಎಂಬ ಪುಸ್ತಕದ ಅರವತ್ತು ಪ್ರತಿಗಳು ದಾನವಾಗಿ ಶಾಲೆಗೆ ಬಂದವು.

ಮಂಡಳಿ ಒಂದು ಚಿಕ್ಕ ಹೇಳಿಕೆ ತಯಾರಿಸಿ, ಒಂಬತ್ತನೆಯ ತರಗತಿಯಲ್ಲಿ ವಿಕಾಸದ ಪಾಠಕ್ಕೆ ಮೊದಲು ಅದನ್ನು ಓದಬೇಕೆಂದು ಆದೇಶಿಸಿತು. ಚಿತ್ರವನ್ನು ಅಲ್ಲಿ ನಿಲ್ಲಿಸಿ ಎರಡು ಸಲ ನೋಡಿದೆ. ಹೇಳಿಕೆ ಶುರುವಾಗುವುದೇ ರಾಜ್ಯದ ಪರೀಕ್ಷೆಯಿಂದ: ಪರೀಕ್ಷೆಯಲ್ಲಿ ಬರುವುದರಿಂದ ಇದನ್ನು ಕಲಿಯಬೇಕಾಗಿದೆ. ಆಮೇಲೆ, ಡಾರ್ವಿನ್ನನದು ಒಂದು ಸಿದ್ಧಾಂತ, ವಾಸ್ತವಾಂಶವಲ್ಲ. ಕೊನೆಗೆ, ಜೀವದ ಮೂಲದ ಚರ್ಚೆಯನ್ನು ಶಾಲೆಯು ವಿದ್ಯಾರ್ಥಿಗಳಿಗೂ ಅವರ ಕುಟುಂಬಗಳಿಗೂ ಬಿಡುತ್ತದೆ.

ಪರೀಕ್ಷೆಗೆ ಓದಿ, ನಂಬುವುದು ಮನೆಯವರಿಗೆ ಬಿಟ್ಟದ್ದು. ಮೇಡಂ ಹುಡುಕಲು ಹೇಳಿದ ವಾಕ್ಯ ಸಿಕ್ಕಿತು. ಡೋವರಿನಲ್ಲಿ ಆರು ಜನ ಕೈ ಎತ್ತಿ ಜಾರಿಗೆ ತಂದದ್ದನ್ನು ನಾನು ಯಾರ ಆದೇಶವೂ ಇಲ್ಲದೆ, ಗದ್ದಲ ತಪ್ಪಿಸಲು, ಅರ್ಧ ನಿಮಿಷದಲ್ಲಿ ಮಾಡಿ ಮುಗಿಸಿದ್ದೆ.

ಓದಲು ಒಪ್ಪದ ಶಿಕ್ಷಕರು

ನಾವು ಪ್ರಶಿಕ್ಷಣಾರ್ಥಿಗಳು ಈ ಚಿತ್ರವನ್ನು ಒಮ್ಮೆಯಾದರೂ ನೋಡಬೇಕು ಎನ್ನುವುದು ವಿಜ್ಞಾನದ ಭಾಗಕ್ಕಿಂತ ಹೆಚ್ಚಾಗಿ ಅಲ್ಲಿನ ಶಿಕ್ಷಕರಿಗಾಗಿ. ಡೋವರಿನ ಜೀವಶಾಸ್ತ್ರ ಶಿಕ್ಷಕರು ಆ ಹೇಳಿಕೆಯನ್ನು ಓದಲು ಒಪ್ಪಲಿಲ್ಲ. ಅವರು ಕೊಟ್ಟ ಕಾರಣ ರಾಜಕೀಯದ್ದಲ್ಲ, ನಾಸ್ತಿಕತೆಯದೂ ಅಲ್ಲ, ವೃತ್ತಿಯದು. ತಮ್ಮ ರಾಜ್ಯದ ಶಿಕ್ಷಕರ ವೃತ್ತಿಸಂಹಿತೆಯ ಪ್ರಕಾರ ಗೊತ್ತಿದ್ದೂ ವಿಷಯವನ್ನು ತಪ್ಪಾಗಿ ಮಂಡಿಸುವಂತಿಲ್ಲ. ಇಂಟೆಲಿಜೆಂಟ್ ಡಿಸೈನ್ ವಿಜ್ಞಾನವಲ್ಲವಾದ್ದರಿಂದ ಅದನ್ನು ವಿಜ್ಞಾನದ ಇನ್ನೊಂದು ಆಯ್ಕೆ ಎಂಬಂತೆ ಓದಿದರೆ ಆ ಸಂಹಿತೆ ಮುರಿದಂತೆ ಎಂದು ಬರೆದುಕೊಟ್ಟರು. 2005ರ ಜನವರಿಯಲ್ಲಿ ಶಾಲೆಯ ಆಡಳಿತಾಧಿಕಾರಿಗಳೇ ತರಗತಿಗೆ ಬಂದು ಓದಿದರು. ಓದುವಾಗ ಶಿಕ್ಷಕರು ಹೊರಗೆ ಹೋಗಿ ನಿಂತರು.

ನಮ್ಮ ಬಿ.ಇಡಿ.ಯಲ್ಲಿ ‘ಶಿಕ್ಷಕರ ವೃತ್ತಿಸಂಹಿತೆ’ ಎಂಬುದು ಐದು ಅಂಕದ ಪ್ರಶ್ನೆ. ಟಿಪ್ಪಣಿ ಬರೆಯಲು ಬಾಯಿಪಾಠ ಮಾಡಿದ್ದೇನೆ. ಅದನ್ನು ಹಿಡಿದುಕೊಂಡು ಯಾರಾದರೂ ಬಾಗಿಲ ಹೊರಗೆ ನಿಂತಾರು ಎಂದು ನನಗೆ ಹೊಳೆದೇ ಇರಲಿಲ್ಲ.

ಹನ್ನೊಂದು ಪೋಷಕರು 2004ರ ಡಿಸೆಂಬರಿನಲ್ಲಿ ಮೊಕದ್ದಮೆ ಹೂಡಿದರು. ಮೊದಲ ಹೆಸರು ಟ್ಯಾಮಿ ಕಿಟ್ಸ್‌ಮಿಲ್ಲರ್ ಎಂಬ ತಾಯಿಯದು. ಅಮೆರಿಕದ ಸಂವಿಧಾನದ ಪ್ರಕಾರ ಸರ್ಕಾರಿ ಶಾಲೆ ಯಾವ ಧರ್ಮವನ್ನೂ ಪ್ರಚಾರ ಮಾಡುವಂತಿಲ್ಲ. ‘ಸೃಷ್ಟಿ ವಿಜ್ಞಾನ’ವನ್ನು ಶಾಲೆಯಲ್ಲಿ ಕಲಿಸಬೇಕೆಂಬ ಲೂಸಿಯಾನಾ ರಾಜ್ಯದ ಕಾನೂನನ್ನು ಅಲ್ಲಿನ ಸುಪ್ರೀಂ ಕೋರ್ಟ್ 1987ರಲ್ಲೇ ರದ್ದು ಮಾಡಿತ್ತು. ಆದ್ದರಿಂದ ಡೋವರಿನ ಪ್ರಶ್ನೆ ಎರಡಾಯಿತು: ಇಂಟೆಲಿಜೆಂಟ್ ಡಿಸೈನ್ ವಿಜ್ಞಾನವೇ? ಅಥವಾ ಹಳೆಯ ಸೃಷ್ಟಿವಾದಕ್ಕೇ ಹೊಸ ಅಂಗಿಯೇ?

ಎರಡನೆಯ ಪ್ರಶ್ನೆಗೆ ಉತ್ತರ ಸಿಕ್ಕ ಬಗೆ ಪತ್ತೇದಾರಿ ಕಥೆಯಂತಿದೆ. ‘ಪಾಂಡಾಸ್’ ಪುಸ್ತಕದ ಹಳೆಯ ಕರಡುಗಳನ್ನು ನ್ಯಾಯಾಲಯ ತರಿಸಿತು. ತತ್ತ್ವಶಾಸ್ತ್ರದ ಪ್ರಾಧ್ಯಾಪಕಿ ಬಾರ್ಬರಾ ಫಾರೆಸ್ಟ್ ಅವುಗಳನ್ನು ಹೋಲಿಸಿ ನೋಡಿದಾಗ, 1987ರ ತೀರ್ಪಿನ ಮುಂಚಿನ ಕರಡಿನಲ್ಲಿ ‘ಸೃಷ್ಟಿವಾದಿಗಳು’ ಎಂದಿದ್ದ ಕಡೆ ನಂತರದ ಕರಡಿನಲ್ಲಿ ‘ವಿನ್ಯಾಸ ಪ್ರತಿಪಾದಕರು’ ಎಂದಾಗಿತ್ತು, ಉಳಿದ ವಾಕ್ಯ ಹಾಗೆಯೇ ಇತ್ತು. ಒಂದು ಕಡೆ ಬದಲಿಸುವಾಗ ಕೈ ತಪ್ಪಿ ಹಳೆಯ ಪದದ ತಲೆಯೂ ಬಾಲವೂ ಉಳಿದುಬಿಟ್ಟಿದ್ದವು: ‘ಸಿಡಿಸೈನ್ ಪ್ರೊಪೊನೆಂಟ್‌ಸಿಸ್ಟ್ಸ್’. ಕನ್ನಡದಲ್ಲಿ ಹೇಳುವುದಾದರೆ ‘ಸೃವಿನ್ಯಾಸ ಪ್ರತಿಪಾದಕವಾದಿಗಳು’ ಎಂದ ಹಾಗೆ. ಹಿರಿಯರ ಪಾಠ ಯೋಜನೆ ನಕಲು ಮಾಡಿ, ಹೆಸರು ಬದಲಿಸಿ, ಮೂರನೆಯ ಪುಟದಲ್ಲಿ ಅವರ ಶಾಲೆಯ ಹೆಸರು ಹಾಗೆಯೇ ಬಿಟ್ಟು ಸಿಕ್ಕಿಬಿದ್ದವರು ನಮ್ಮ ಬ್ಯಾಚಿನಲ್ಲೂ ಇದ್ದಾರೆ. ಅವರಿಗೆ ಈ ದೃಶ್ಯ ಬಹಳ ಹಿಡಿಸಿತು.

ಮೊದಲ ಪ್ರಶ್ನೆಯೇ ಆದರೂ ನನ್ನ ಪಾಠಕ್ಕೆ ಬೇಕಾದದ್ದು. ವಿನ್ಯಾಸ ಪಕ್ಷದ ಮುಖ್ಯ ಸಾಕ್ಷಿ ಜೀವರಸಾಯನ ವಿಜ್ಞಾನಿ ಮೈಕೆಲ್ ಬೀಹಿ. ಬ್ಯಾಕ್ಟೀರಿಯಾದ ಕಶಾಂಗ ಇಲಿಬೋನಿನ ಹಾಗೆ, ಒಂದು ಭಾಗ ತೆಗೆದರೂ ಕೆಲಸ ಮಾಡದು, ಹಾಗಾಗಿ ಅದು ಹಂತಹಂತವಾಗಿ ಬಂದಿರಲಾರದು ಎಂಬುದು ಅವರ ವಾದ. ಪೋಷಕರ ಪರವಾಗಿ ಬಂದ ಜೀವಶಾಸ್ತ್ರಜ್ಞ ಕೆನೆತ್ ಮಿಲ್ಲರ್ ಇದಕ್ಕೆ ಉತ್ತರ ಕೊಟ್ಟರು. ಕಶಾಂಗದ ಬುಡದಲ್ಲಿರುವ ಹತ್ತರಷ್ಟು ಪ್ರೋಟೀನುಗಳನ್ನೇ ಹೋಲುವ ಒಂದು ರಚನೆ ಬೇರೆ ಬ್ಯಾಕ್ಟೀರಿಯಾಗಳಲ್ಲಿದೆ. ಅದು ಈಜಲು ಅಲ್ಲ, ಪಿಚಕಾರಿಯಂತೆ ವಿಷ ಚುಚ್ಚಲು ಬಳಕೆಯಾಗುತ್ತದೆ. ಅಂದರೆ ಭಾಗ ಕಡಿಮೆಯಾದರೆ ಆ ಕೆಲಸ ನಿಲ್ಲಬಹುದು, ಬೇರೆ ಕೆಲಸ ನಡೆಯಬಹುದು. ಇಲಿಬೋನಿನ ಕೆಲವು ಭಾಗ ತೆಗೆದು ಉಳಿದದ್ದನ್ನು ಟೈ ಕ್ಲಿಪ್ಪಾಗಿ ಸಿಕ್ಕಿಸಿಕೊಳ್ಳುವುದು ಮಿಲ್ಲರ್ ಅವರ ಹೆಸರಾಂತ ತಮಾಷೆ.

ಪಾಟೀಸವಾಲಿನಲ್ಲಿ ಬೀಹಿಯವರು, ವಿಜ್ಞಾನದ ‘ಸಿದ್ಧಾಂತ’ಕ್ಕೆ ತಾವು ಕೊಡುವ ವಿಶಾಲ ವ್ಯಾಖ್ಯೆಯೊಳಗೆ ಜ್ಯೋತಿಷ್ಯವೂ ಬರುತ್ತದೆ ಎಂದು ಒಪ್ಪಿಕೊಳ್ಳಬೇಕಾಯಿತು. ನಮ್ಮ ಸ್ಟಾಫ್ ರೂಮಿನಲ್ಲಿ ಬೆಳಗಿನ ಪತ್ರಿಕೆ ಬಂದೊಡನೆ ಮೊದಲು ತೆರೆಯುವ ಪುಟ ಯಾವುದೆಂದು ಬಲ್ಲ ನನಗೆ ನಗುವ ಧೈರ್ಯವಾಗಲಿಲ್ಲ.

2005ರ ಸೆಪ್ಟೆಂಬರ್ 26ರಂದು ಶುರುವಾದ ವಿಚಾರಣೆ ನವೆಂಬರ್ 4ಕ್ಕೆ ಮುಗಿಯಿತು. ನಾಲ್ಕೇ ದಿನದಲ್ಲಿ ನಡೆದ ಚುನಾವಣೆಯಲ್ಲಿ, ಸ್ಪರ್ಧೆಯಲ್ಲಿದ್ದ ಮಂಡಳಿಯ ಎಂಟೂ ಸದಸ್ಯರು ಸೋತರು. ಡಿಸೆಂಬರ್ 20ರಂದು ನ್ಯಾಯಾಧೀಶ ಜಾನ್ ಇ. ಜೋನ್ಸ್ 139 ಪುಟಗಳ ತೀರ್ಪು ಕೊಟ್ಟರು: ಇಂಟೆಲಿಜೆಂಟ್ ಡಿಸೈನ್ ವಿಜ್ಞಾನವಲ್ಲ, ಡೋವರಿನ ನೀತಿ ಸಂವಿಧಾನಕ್ಕೆ ವಿರುದ್ಧ. ಅವರನ್ನು ಆ ಹುದ್ದೆಗೆ ನೇಮಿಸಿದವರು ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್. ಹೊಸ ಮಂಡಳಿ ಮೇಲ್ಮನವಿ ಹೋಗಲಿಲ್ಲ.

‘ವಾದ’ ಎಂಬ ಪದ

ಅಮೆರಿಕದಲ್ಲಿ ಗೊಂದಲ ಎಬ್ಬಿಸಿದ್ದು ‘ಥಿಯರಿ’ ಎಂಬ ಪದ. ಅವರ ಆಡುಮಾತಿನಲ್ಲಿ ಥಿಯರಿ ಎಂದರೆ ಊಹೆ. ವಿಜ್ಞಾನದಲ್ಲಿ, ಎಷ್ಟೋ ಸಂಗತಿಗಳನ್ನು ಒಟ್ಟಿಗೆ ವಿವರಿಸುವ, ಪರೀಕ್ಷೆಗೆ ಒಡ್ಡಿ ಗೆದ್ದ ವಿವರಣೆ. ಚಿತ್ರದಲ್ಲಿ ಇದನ್ನು ಚೆನ್ನಾಗಿ ಬಿಡಿಸಿ ಹೇಳುತ್ತಾರೆ. ಆದರೆ ಅದನ್ನು ಹಾಗೆಯೇ ತಂದು ನಮ್ಮ ಮಕ್ಕಳಿಗೆ ಹೇಳಿದರೆ ಪ್ರಯೋಜನವಿಲ್ಲ, ಯಾಕೆಂದರೆ ನಮ್ಮ ಮಕ್ಕಳ ತೊಡಕು ಬೇರೆ. ನಾವು ಡಾಲ್ಟನ್ನನದಕ್ಕೆ ‘ಪರಮಾಣು ಸಿದ್ಧಾಂತ’ ಎನ್ನುತ್ತೇವೆ, ಡಾರ್ವಿನ್ನನದಕ್ಕೆ ‘ವಿಕಾಸವಾದ’. ಹತ್ತನೆಯ ತರಗತಿಯ ಹುಡುಗನಿಗೆ ವಾದ ಎಂದರೆ ಏನು? ಮನೆಯಲ್ಲಿ “ವಾದ ಮಾಡ್ಬೇಡ” ಎಂದು ಬೈಸಿಕೊಳ್ಳುವುದು, ಕೋರ್ಟಿನ ವಾದ, ಚರ್ಚಾಸ್ಪರ್ಧೆಯ ಪರ ವಿರೋಧ. ವಾದವಿದ್ದಲ್ಲಿ ಪ್ರತಿವಾದ ಇರಲೇಬೇಕು. ಆ ಹುಡುಗ ಕೇಳಿದ್ದು ಉಡಾಫೆಯ ಪ್ರಶ್ನೆಯಲ್ಲ. ನಾನು ಅಡಿಗೆರೆ ಎಳೆದ ಪದವನ್ನು ಅವನು ನನಗಿಂತ ಎಚ್ಚರದಿಂದ ಓದಿದ್ದ.

‘ಸಿದ್ಧಾಂತ’ವೂ ನಿರಪಾಯಕಾರಿಯಲ್ಲ. ಪಕ್ಷಕ್ಕೆ ಸಿದ್ಧಾಂತವಿದೆ, ಸಿದ್ಧಾಂತ ಬಿಟ್ಟುಕೊಡದ ಮನುಷ್ಯರಿದ್ದಾರೆ. ಅಲ್ಲಿ ಅದು ಪಟ್ಟು ಎಂಬ ಅರ್ಥದಲ್ಲಿದೆ. ಆದ್ದರಿಂದ ಪದದ ವ್ಯಾಖ್ಯೆ ಬರೆಸುವುದನ್ನು ಕೈಬಿಟ್ಟು ಮಕ್ಕಳಿಂದ ಒಂದು ಕೆಲಸ ಮಾಡಿಸೋಣ ಎಂದುಕೊಂಡೆ. ವಿಜ್ಞಾನದ ಸಿದ್ಧಾಂತ ಮುಂಚಿತವಾಗಿ ಮಾತು ಕೊಡುತ್ತದೆ: ಇಲ್ಲಿ ಹುಡುಕಿದರೆ ಇಂಥದ್ದು ಸಿಗಬೇಕು, ಸಿಗದಿದ್ದರೆ ನಾನು ಸೋತೆ. ಅದನ್ನು ಅವರು ಅನುಭವಿಸಬೇಕು.

ಎರಡು ಪೀರಿಯಡ್

ಮುಖ್ಯೋಪಾಧ್ಯಾಯರ ಅನುಮತಿ ಕೇಳಲು ಹೋದಾಗ ಅವರು, “ಪಾಠ ಮುಗಿದಿದೆಯಲ್ಲಮ್ಮ, ಮತ್ತೆ ಯಾಕೆ ಕೆದಕ್ತೀಯಾ? ನಾಳೆ ಯಾರಾದ್ರೂ ಮನೆಯಿಂದ ಬಂದು ಕೇಳಿದ್ರೆ ಉತ್ತರ ಹೇಳೋನು ನಾನು” ಎಂದರು. ಮಾರ್ಗದರ್ಶಕ ಶಿಕ್ಷಕರು ನನ್ನ ಪರ ನಿಂತು, 2018ರ ಜನವರಿಯಲ್ಲಿ ಕೇಂದ್ರ ಸಚಿವರ ಮಾತಿನಿಂದ ಇದೇ ಪ್ರಶ್ನೆ ಎದ್ದಾಗ ದೇಶದ ಮೂರೂ ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಹೇಳಿಕೆ ಕೊಟ್ಟದ್ದನ್ನು ನೆನಪಿಸಿದರು. “ಎರಡು ಪೀರಿಯಡ್ ಅಷ್ಟೇ” ಎಂಬ ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತು.

ಮಕ್ಕಳಿಗೆ ಇಡೀ ಚಿತ್ರ ತೋರಿಸಲಿಲ್ಲ. ಇಂಗ್ಲಿಷು, ಅದೂ ಅಮೆರಿಕದ ಉಚ್ಚಾರ, ಎರಡು ಗಂಟೆ. ಸ್ಮಾರ್ಟ್ ಕ್ಲಾಸಿನ ಪ್ರೊಜೆಕ್ಟರಿನಲ್ಲಿ ಎರಡು ತುಣುಕುಗಳನ್ನು, ಒಟ್ಟು ಎಂಟು ನಿಮಿಷದಷ್ಟು, ಧ್ವನಿ ನಿಲ್ಲಿಸಿ ತೋರಿಸಿ ನಾನೇ ವಿವರಿಸಿದೆ. ಅದೂ ಚಟುವಟಿಕೆ ಮುಗಿದ ಮೇಲೆ.

ಮೊದಲ ದಿನ ಹಲಗೆಯ ಮೇಲೆ ಉದ್ದ ಗೆರೆ ಎಳೆದು ಎರಡು ಗುರುತು ಹಾಕಿದೆ. ಸುಮಾರು 38.5 ಕೋಟಿ ವರ್ಷ ಹಿಂದಿನ ಕಲ್ಲಿನಲ್ಲಿ ದಪ್ಪ ಈಜುರೆಕ್ಕೆಯ ಮೀನುಗಳು ಸಿಗುತ್ತವೆ, ನಾಲ್ಕು ಕಾಲಿನ ಪ್ರಾಣಿ ಒಂದೂ ಇಲ್ಲ. ಸುಮಾರು 36.5 ಕೋಟಿ ವರ್ಷ ಹಿಂದಿನ ಕಲ್ಲಿನಲ್ಲಿ ನಾಲ್ಕು ಕಾಲಿನವು ಸಿಗುತ್ತವೆ. “ಮೀನಿನಿಂದಲೇ ನಾಲ್ಕು ಕಾಲಿನ ಪ್ರಾಣಿಗಳು ಬಂದವು ಎಂಬುದು ನಿಜವಾದರೆ ನೀವು ಎಲ್ಲಿ ಅಗೆಯುತ್ತೀರಿ? ಏನು ಸಿಗಬೇಕು?” ಗುಂಪುಗಳಿಗೆ ಹತ್ತು ನಿಮಿಷ ಕೊಟ್ಟೆ.

ಒಂದು ಗುಂಪು ‘ಸಮುದ್ರದ ತಳ’ ಎಂದು ಬರೆಯಿತು. ಇನ್ನೊಂದು ‘ನಡುವಿನ ಕಲ್ಲು, ನೀರು ಕಡಿಮೆ ಇದ್ದ ಜಾಗ, ಹೊಳೆ ಅಂಚು’ ಎಂದಿತು. ಕೆರೆ ಬತ್ತಿದಾಗ ಕೆಸರಿನಲ್ಲಿ ಒದ್ದಾಡುವ ಮೀನು ನೋಡಿ ಬೆಳೆದ ಮಕ್ಕಳಿಗೆ ಇದು ಕಷ್ಟವಾಗಲಿಲ್ಲ. ಪ್ರಾಣಿಯ ಚಿತ್ರ ಬರೆಯಿರಿ ಎಂದಾಗ ಮೀನಿಗೆ ನಾಲ್ಕು ಕಾಲು ಅಂಟಿಸಿದವರೇ ಹೆಚ್ಚು. ಒಬ್ಬಳು ಮಾತ್ರ ಈಜುರೆಕ್ಕೆಯೊಳಗೆ ಮೂಳೆ ಬರೆದಿದ್ದಳು.

ಆಮೇಲೆ ನೀಲ್ ಶುಬಿನ್ ಮತ್ತು ಸಂಗಡಿಗರ ಕಥೆ ಹೇಳಿದೆ. ಅವರು ಸರಿಯಾಗಿ ಇದೇ ಲೆಕ್ಕ ಹಾಕಿದರು. ಆ ವಯಸ್ಸಿನ, ಹೊಳೆಯ ಹೂಳಿನಿಂದಾದ ಕಲ್ಲು ಮೇಲೆ ಕಾಣುವ ಜಾಗವನ್ನು ಭೂವೈಜ್ಞಾನಿಕ ನಕ್ಷೆಯಲ್ಲಿ ಹುಡುಕಿ, ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪಕ್ಕೆ ಹೋದರು. ಹಲವು ಬೇಸಿಗೆಗಳ ಹುಡುಕಾಟದ ನಂತರ 2004ರಲ್ಲಿ ಟಿಕ್ಟಾಲಿಕ್ ಸಿಕ್ಕಿತು. ಸುಮಾರು 37.5 ಕೋಟಿ ವರ್ಷ ಹಳೆಯದು. ಹುರುಪೆ ಇದೆ, ಈಜುರೆಕ್ಕೆ ಇದೆ, ಆದರೆ ಮೊಸಳೆಯಂಥ ಚಪ್ಪಟೆ ತಲೆ, ತಿರುಗಿಸಬಲ್ಲ ಕುತ್ತಿಗೆ, ರೆಕ್ಕೆಯೊಳಗೆ ಮಣಿಕಟ್ಟಿನಂಥ ಮೂಳೆ. ಆಗ ಆ ನೆಲ ಸಮಭಾಜಕದ ಹತ್ತಿರ ಇತ್ತು ಎಂದಾಗ “ಹಿಮದಲ್ಲಿ ಮೀನು ಹೇಗೆ ಮಿಸ್” ಎಂದವರ ಅನುಮಾನ ನಿಂತಿತು. ಮೂಳೆ ಬರೆದ ಹುಡುಗಿಯ ಮುಖ ನೋಡಬೇಕಿತ್ತು. ಈ ಪಳೆಯುಳಿಕೆಯ ಸುದ್ದಿ ಪ್ರಕಟವಾದದ್ದು 2006ರ ಏಪ್ರಿಲಿನಲ್ಲಿ, ತೀರ್ಪಿನ ನಂತರ. ನ್ಯಾಯಾಲಯದಲ್ಲಿ ಸಾಕ್ಷಿಯಾಗಿ ಅದು ಇರಲಿಲ್ಲ. ಚಿತ್ರದಲ್ಲಿದೆ.

ಅದೇ ದಿನ ಇನ್ನೊಂದು ಮಾತು ಬಂತು, ನಾನು ಹೆದರಿಕೊಂಡಿದ್ದ ಮಾತು. “ಮಿಸ್, ದಶಾವತಾರದಲ್ಲೇ ಇದೆಯಲ್ಲ. ಮೊದಲು ಮತ್ಸ್ಯ, ಆಮೇಲೆ ಕೂರ್ಮ, ವರಾಹ.” ಹಿಂದಿನ ವಾರವಾಗಿದ್ದರೆ “ಹೌದು, ತುಂಬಾ ಒಳ್ಳೆಯ ಹೋಲಿಕೆ” ಎಂದು ಚಪ್ಪಾಳೆ ಹೊಡೆಸಿ ಮುಂದೆ ಹೋಗುತ್ತಿದ್ದೆ. ಈ ಸಲ ಕೇಳಿದೆ: “ಆ ಕಥೆ ಹಿಡಿದುಕೊಂಡು ಹೋದರೆ ಎಲ್ಲಿ ಅಗೆಯಬೇಕು ಅಂತ ಗೊತ್ತಾಗುತ್ತಾ?” ಅವಳು ಸ್ವಲ್ಪ ಹೊತ್ತು ಯೋಚಿಸಿ, “ಇಲ್ಲ ಮಿಸ್, ಅದು ಅದಕ್ಕೆ ಹೇಳಿದ್ದಲ್ಲ” ಎಂದಳು.

ಡೋವರಿನಲ್ಲಿ ಪೋಷಕರ ಪರ ಸಾಕ್ಷಿ ಹೇಳಿದ ಧರ್ಮಶಾಸ್ತ್ರಜ್ಞ ಜಾನ್ ಹಾಟ್ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಒಲೆಯ ಮೇಲೆ ನೀರು ಯಾಕೆ ಕುದಿಯುತ್ತಿದೆ? ಉರಿಯ ಶಾಖದಿಂದ ನೀರಿನ ಕಣಗಳು ಚಲಿಸುತ್ತಿವೆ ಎನ್ನಬಹುದು. ನನಗೆ ಚಹಾ ಬೇಕು ಎಂದೂ ಹೇಳಬಹುದು. ಎರಡೂ ಉತ್ತರವೇ. ಆದರೆ ಮೊದಲನೆಯದರ ಜಾಗದಲ್ಲಿ ಎರಡನೆಯದನ್ನು ಬರೆದರೆ ಭೌತಶಾಸ್ತ್ರದ ಉತ್ತರಪತ್ರಿಕೆಯಲ್ಲಿ ಅಂಕ ಬರುವುದಿಲ್ಲ. ಮಕ್ಕಳಿಗೆ ಈ ಉದಾಹರಣೆ ಹೇಳಿದೆ. ಮಿಲ್ಲರ್ ಸ್ವತಃ ಚರ್ಚಿಗೆ ಹೋಗುವ ಕ್ಯಾಥೊಲಿಕ್ ಎಂಬುದನ್ನೂ ಹೇಳಿದೆ. ದೇವರನ್ನು ಬಿಟ್ಟರೆ ಮಾತ್ರ ಈ ಪಾಠ ಅರ್ಥವಾಗುತ್ತದೆ ಎಂಬ ಭಯ ಕೆಲವರ ಮುಖದಲ್ಲಿ ಕಂಡಿತ್ತು. ಆ ಭಯಕ್ಕೆ ಕಾರಣವಿಲ್ಲ ಎಂದು ಹೇಳುವುದು ನನ್ನ ಕೆಲಸ ಎನಿಸಿತು.

ಎರಡನೆಯ ದಿನದ ಪಾಠ ವರ್ಣತಂತುಗಳದ್ದು. ಮನುಷ್ಯನಿಗೆ 46, ಅಂದರೆ 23 ಜೊತೆ. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್‌ಗಳಿಗೆ 48, 24 ಜೊತೆ. “ಎಲ್ಲರಿಗೂ ಪೂರ್ವಜ ಒಂದೇ ಆದರೆ ನಮ್ಮ ಒಂದು ಜೊತೆ ಎಲ್ಲಿ ಹೋಯಿತು?” ಕಳೆದುಹೋಯಿತು ಎಂದರು. ಕಳೆದರೆ ಅದರಲ್ಲಿದ್ದ ಜೀನ್‌ಗಳೆಲ್ಲ ಹೋಗುತ್ತವೆ, ಅಂಥ ಜೀವಿ ಬದುಕುವುದು ಕಷ್ಟ. “ಹಾಗಾದ್ರೆ ಎರಡು ಅಂಟ್ಕೊಂಡಿರ್ಬೇಕು” ಎಂದದ್ದು ಅದೇ ಮೂರನೆಯ ಸಾಲಿನ ಹುಡುಗ.

ಪ್ರತಿ ಗುಂಪಿಗೂ ಎರಡೆರಡು ಕಾಗದದ ಪಟ್ಟಿ ಕೊಟ್ಟಿದ್ದೆ. ಎರಡೂ ತುದಿಗೆ ಕೆಂಪು: ಟೆಲೋಮಿಯರ್. ನಡುವೆ ಒಂದು ಕಪ್ಪು ಪಟ್ಟೆ: ಸೆಂಟ್ರೋಮಿಯರ್. ತುದಿಗೆ ತುದಿ ಅಂಟಿಸಿ, “ಈಗ ಇದು ಒಂದೇ ವರ್ಣತಂತು. ಎಲ್ಲೆಲ್ಲಿ ಏನು ಗುರುತು ಕಾಣಬೇಕು?” ಎಂದೆ. ಐದು ನಿಮಿಷದಲ್ಲಿ ಎಲ್ಲ ಗುಂಪುಗಳೂ ಬರೆದವು: ತುದಿಯಲ್ಲಿರಬೇಕಾದ ಕೆಂಪು ಮಧ್ಯದಲ್ಲೂ ಇರಬೇಕು, ಕಪ್ಪು ಒಂದರ ಬದಲು ಎರಡಿರಬೇಕು. ಮನುಷ್ಯನ 23 ಬಗೆಯ ವರ್ಣತಂತುಗಳಲ್ಲಿ ಒಂದರಲ್ಲೂ ಇದು ಕಾಣದಿದ್ದರೆ ಸಾಮಾನ್ಯ ಪೂರ್ವಜನ ಮಾತಿಗೆ ದೊಡ್ಡ ಪೆಟ್ಟು ಎಂದು ಅವರ ಬಾಯಿಂದಲೇ ಹೇಳಿಸಿ, ಆಮೇಲೆ ತುಣುಕು ಹಾಕಿದೆ. ಮಿಲ್ಲರ್ ನ್ಯಾಯಾಲಯದಲ್ಲಿ ತೋರಿಸಿದ್ದು ಇದನ್ನೇ. ನಮ್ಮ ಎರಡನೆಯ ವರ್ಣತಂತುವಿನ ನಡುವೆ ಟೆಲೋಮಿಯರಿನ ಗುರುತು ಇದೆ, ಕೆಲಸ ನಿಲ್ಲಿಸಿದ ಎರಡನೆಯ ಸೆಂಟ್ರೋಮಿಯರಿನ ಅವಶೇಷವೂ ಇದೆ. ತರಗತಿ ಒಂದು ಕ್ಷಣ ಪೂರ್ತಿ ಮೌನವಾಯಿತು. ಇಂಟರ್ನ್‌ಶಿಪ್‌ನಲ್ಲಿ ನಾನು ‘ಸುಮ್ಮನಿರಿ’ ಎನ್ನದೆ ಬಂದ ಮೌನ ಅದೊಂದೇ.

ಎಡವಿದ ಕಡೆಗಳು

ಮೊದಲ ಕರಡು ಯೋಜನೆಯಲ್ಲಿ ಪಾಠದ ಮುಕ್ತಾಯಕ್ಕೆ ತೀರ್ಪನ್ನು ಇಟ್ಟಿದ್ದೆ: ‘ನ್ಯಾಯಾಧೀಶರು ಹೇಳಿದರು, ಆದ್ದರಿಂದ ವಿಕಾಸ ಸರಿ.’ ಮೇಡಂ ಅದನ್ನು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿ, “ನ್ಯಾಯಾಧೀಶರು ಉಲ್ಟಾ ಹೇಳಿದ್ದರೆ ಟಿಕ್ಟಾಲಿಕ್ ಮತ್ತೆ ಮಣ್ಣೊಳಗೆ ಹೋಗುತ್ತಿತ್ತಾ?” ಎಂದರು. ಅಲ್ಲಿ ತೀರ್ಮಾನವಾದದ್ದು ಶಾಲೆ ಏನು ಕಲಿಸಬಹುದು ಎಂಬ ಕಾನೂನಿನ ಪ್ರಶ್ನೆ. ಮೊಕದ್ದಮೆಯ ಚಿತ್ರ ತೋರಿಸುವ ಯಾವ ಶಿಕ್ಷಕರಿಗೂ ಈ ಜಾರುಬಂಡೆ ಕಾದಿರುತ್ತದೆ. ಚಿತ್ರಕ್ಕೂ ತೀರ್ಪೇ ಶಿಖರ.

ಇನ್ನೂ ಒಂದು. ಮಂಡಳಿಯ ಬಿಲ್ ಬಕಿಂಗ್‌ಹ್ಯಾಮ್, ಅಲನ್ ಬಾನ್ಸೆಲ್ ಕ್ಯಾಮೆರಾದ ಮುಂದೆ ಬಂದು ತಮ್ಮ ಮಾತು ಹೇಳುತ್ತಾರೆ. ಬೀಹಿಯವರನ್ನು ಮಾತ್ರ ನಟನ ಮೂಲಕವೇ ನೋಡುತ್ತೇವೆ. ಮಾತು ದಾಖಲೆಯದೇ ಆದರೂ ಮುಖಭಾವ, ತಡವರಿಕೆ ನಟನದು. ನನ್ನ ತರಗತಿಯಲ್ಲಿ ಹಲವರು ಅದು ನಿಜವಾದ ಕೋರ್ಟು ಎಂದೇ ತಿಳಿದಿದ್ದರು. ನಾನು ಮೊದಲೇ ಹೇಳಬೇಕಿತ್ತು, ಮರುದಿನ ಹೇಳಿದೆ.

ಮೌಲ್ಯಮಾಪನಕ್ಕೆ ಚೀಟಿಯಲ್ಲಿ ಒಂದೇ ಪ್ರಶ್ನೆ ಕೊಟ್ಟೆ: ‘ಏನು ಸಿಕ್ಕಿದರೆ ಜೀವವಿಕಾಸದ ಸಿದ್ಧಾಂತ ತಪ್ಪು ಎನ್ನುತ್ತೀರಿ?’ ಕೆಲವರು ಪುಸ್ತಕದ ವ್ಯಾಖ್ಯೆ ನಕಲು ಮಾಡಿದ್ದರು. ಒಬ್ಬ ‘ಮಂಗ ಈಗ ಮನುಷ್ಯ ಆದರೆ’ ಎಂದು ಬರೆದಿದ್ದ. ಇದು ಉಲ್ಟಾ ತಿಳಿದದ್ದು. ಮಂಗನಿಂದ ಅಲ್ಲ, ಇಬ್ಬರಿಗೂ ಒಬ್ಬನೇ ಪೂರ್ವಜನಿಂದ ಎಂಬುದನ್ನು ನಾನು ಇನ್ನೂ ಸರಿಯಾಗಿ ಕಲಿಸಿಲ್ಲ ಎಂದು ಗೊತ್ತಾಯಿತು. ‘ಮೀನೇ ಇಲ್ಲದ ಕಾಲದ ಕಲ್ಲಲ್ಲಿ ಹಸುವಿನ ಮೂಳೆ ಸಿಕ್ಕಿದರೆ’ ಎಂದು ದಶಾವತಾರದ ಹುಡುಗಿ ಬರೆದಿದ್ದಳು.

ಮೂರನೆಯ ಸಾಲಿನ ಹುಡುಗನ ಚೀಟಿಯಲ್ಲಿ ಉತ್ತರ ಇರಲಿಲ್ಲ, ಇನ್ನೊಂದು ಪ್ರಶ್ನೆ ಇತ್ತು: ‘ಅಂಟಿಕೊಂಡು 47 ಆದ ಮೊದಲನೆಯವನಿಗೆ 48 ಇರುವ ಹೆಂಡತಿಯಿಂದ ಮಕ್ಕಳು ಹೇಗೆ ಆದವು?’

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ, ಗುರುವಾರ ಹೇಳುತ್ತೇನೆ ಎಂದು ಅವನ ಚೀಟಿಯ ಹಿಂದೆ ಬರೆದುಕೊಟ್ಟೆ. ಬಿ.ಎಸ್‌ಸಿ.ಯ ತಳಿಶಾಸ್ತ್ರದ ನೋಟ್ಸ್ ತೆಗೆದು ಓದಿದೆ. ಎರಡು ವರ್ಣತಂತುಗಳು ಅಂಟಿಕೊಂಡು 46ರ ಬದಲು 45 ಇರುವ ಜನ ಇಂದೂ ನಮ್ಮ ನಡುವೆ ಇದ್ದಾರೆ. ಅವರ ಅಂಟು ಸ್ವಲ್ಪ ಬೇರೆ ಬಗೆಯದು; ಆದರೂ ಜೀನ್‌ಗಳು ಬಹುಮಟ್ಟಿಗೆ ಉಳಿದಿರುವುದರಿಂದ ಅವರು ಆರೋಗ್ಯವಾಗಿಯೇ ಇರುತ್ತಾರೆ. ಗರ್ಭ ನಿಲ್ಲುವುದರಲ್ಲಿ ತೊಂದರೆ ಹೆಚ್ಚು, ಆದರೆ ಮಕ್ಕಳಾಗುತ್ತಾರೆ. ಗುರುವಾರ ನನ್ನ ಇಂಟರ್ನ್‌ಶಿಪ್‌ನ ಕೊನೆಯ ದಿನ. ಬೀಳ್ಕೊಡುಗೆಯ ಗಡಿಬಿಡಿಯಲ್ಲಿ, ಕಾರಿಡಾರಿನಲ್ಲಿ, ಮತ್ತೆ ಎರಡು ಕಾಗದದ ಪಟ್ಟಿ ಹಿಡಿದು ಅವನಿಗೆ ಇದನ್ನು ತೋರಿಸಿದೆ. ಅವನು ಪಟ್ಟಿಗಳನ್ನು ಇಸಿದುಕೊಂಡು, ಅಂಟಿದ ಉದ್ದದ್ದರ ಪಕ್ಕ ಅಂಟದ ಎರಡನ್ನು ಜೋಡಿಸಿ ನೋಡುತ್ತಾ ನಿಂತ.